ಹೃದಯಾಘಾತ: ಆಸ್ಪತ್ರೆಯ ಹಾಸಿಗೆಗೆ ಕಾರ್ಡ್ ಇದೆ, ಹಳ್ಳಿಯ ಮೊದಲ ಗಂಟೆಗೆ ಏನಿದೆ?

ಹಾಸನ ಜಿಲ್ಲೆಯಲ್ಲಿ 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಸುಮಾರು ನಲವತ್ತು ದಿನಗಳ ಅವಧಿಯಲ್ಲಿ, ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ಇಡೀ ರಾಜ್ಯವನ್ನು ಬೆಚ್ಚಿಬೀಳಿಸಿತ್ತು. ಅವರಲ್ಲಿ ಹಲವರು ಇನ್ನೂ ದುಡಿಯುವ ವಯಸ್ಸಿನವರು. ಸುದ್ದಿವಾಹಿನಿಗಳು ಸಾವಿನ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ದಿನಾಲೂ ಬಿತ್ತರಿಸತೊಡಗಿದವು. ಕೋವಿಡ್ ಲಸಿಕೆಯೇ ಕಾರಣವಿರಬಹುದೆಂಬ ಶಂಕೆ ಬೀದಿಯ ಚಹಾದಂಗಡಿಯಿಂದ ವಿಧಾನಸೌಧದವರೆಗೂ ಹಬ್ಬಿತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಮುಗಿಬಿದ್ದರು. ಕೊನೆಗೆ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ವರದಿ ನೀಡಿತು. ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆಯಾಗಿಲ್ಲ, ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ, ಕಾರಣಗಳೆಲ್ಲ ಹಳೆಯವೇ, ಅಂದರೆ ರಕ್ತದೊತ್ತಡ, ಮಧುಮೇಹ, ತಂಬಾಕು, ಬೊಜ್ಜು ಎಂಬುದು ವರದಿಯ ಸಾರವಾಗಿತ್ತು. ಜನ ನಿಟ್ಟುಸಿರು ಬಿಟ್ಟರು. ಸುದ್ದಿ ತಣ್ಣಗಾಯಿತು.

ವರದಿಯ ಆ ಸಮಾಧಾನದ ಮಾತಿನೊಳಗೇ ಒಂದು ಕಟು ಸತ್ಯ ಅಡಗಿತ್ತು. ಹೆಚ್ಚಳವಾಗಿಲ್ಲ ಎಂದರೆ ಹಾಸನದಲ್ಲಿ ಅದಕ್ಕೆ ಮುಂಚೆಯೂ ಇಷ್ಟೇ ಜನ ಸಾಯುತ್ತಿದ್ದರು, ಯಾರೂ ಎಣಿಸುತ್ತಿರಲಿಲ್ಲ ಎಂದೇ ಅರ್ಥವಲ್ಲವೆ? ಮನೆಯಲ್ಲೇ ಕುಸಿದುಬಿದ್ದವರು, ಇಸಿಜಿಯೂ ಆಗದೆ, ಮರಣೋತ್ತರ ಪರೀಕ್ಷೆಯೂ ಇಲ್ಲದೆ ಮಣ್ಣಾದವರು ಆ ಪಟ್ಟಿಯಲ್ಲೂ ಇದ್ದರು. ಸತ್ತವರಲ್ಲಿ ಆಟೋ, ಕ್ಯಾಬ್ ಚಾಲಕರ ಪಾಲು ಎದ್ದು ಕಾಣುತ್ತಿತ್ತು. ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಭಯ ಸಹಜವೇ. ಆದರೆ ಬಸ್ ಹಿಡಿದು ಮೈಸೂರಿಗೆ ಬಂದು ತಪಾಸಣೆ ಮಾಡಿಸಿಕೊಳ್ಳಬಲ್ಲವರು ಮಾತ್ರ ಆ ಸಾಲಿನಲ್ಲಿದ್ದರು. ಒಂದು ದಿನದ ಕೂಲಿ ಬಿಡಲಾಗದೆ ಹಳ್ಳಿಯಲ್ಲೇ ಉಳಿದವರ ಕಥೆಯೇ ಬೇರೆ.

ಶ್ರೀಮಂತರ ಕಾಯಿಲೆಯೆಂಬ ಭ್ರಮೆ

ಹೃದಯಾಘಾತ ಉಳ್ಳವರ ಕಾಯಿಲೆ, ತುಪ್ಪ ತಿಂದು ಕುಳಿತವರಿಗೆ ಬರುವಂಥದು ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ಅದನ್ನು ಸುಳ್ಳಾಗಿಸಿದ ಅಧ್ಯಯನಗಳಲ್ಲಿ ಬಹುಮುಖ್ಯವಾದದ್ದು ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನೇತೃತ್ವದಲ್ಲಿ. 'ಕ್ರಿಯೇಟ್' ಹೆಸರಿನ ಆ ಅಧ್ಯಯನಕ್ಕಾಗಿ ದೇಶದ 50 ನಗರಗಳ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಕಲೆಹಾಕಲಾಗಿತ್ತು. ಫಲಿತಾಂಶ 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದಾಖಲಾದ 30 ದಿನಗಳೊಳಗೆ ಸತ್ತವರ ಪ್ರಮಾಣ ಬಡವರಲ್ಲಿ ಶೇ 8.2, ಶ್ರೀಮಂತರಲ್ಲಿ ಶೇ 5.5. ಬಡವರ ಹೃದಯವೇ ದುರ್ಬಲವೆ? ಅಲ್ಲ. ದೊರೆತ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಮಾಯವಾಯಿತು. ಬಡವನನ್ನು ಕೊಂದದ್ದು ಚಿಕಿತ್ಸೆಯ ಅಭಾವವೇ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷ್ಯ ಬೇಕಿಲ್ಲ.

ಅದೇ ವರದಿಯ ಇನ್ನೊಂದು ಅಂಕಿ ಹೆಚ್ಚು ಚರ್ಚೆಯಾಗಲಿಲ್ಲ. ನೋವು ಕಾಣಿಸಿಕೊಂಡಾಗಿನಿಂದ ಆಸ್ಪತ್ರೆ ತಲುಪಲು ರೋಗಿಗಳಿಗೆ ಹಿಡಿದ ಸಮಯದ ಮಧ್ಯಮಾಂಕ 360 ನಿಮಿಷ. ಆಸ್ಪತ್ರೆಯೊಳಗೆ ಬಂದ ಮೇಲೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡಲು ಹಿಡಿದದ್ದು 50 ನಿಮಿಷ. ಅಂದರೆ ಹೊರಗೆ ಆರು ಗಂಟೆ, ಒಳಗೆ ಒಂದು ಗಂಟೆಗಿಂತ ಕಡಿಮೆ. ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ ಕ್ಷಣದಿಂದ ಅದರಾಚೆಯ ಸ್ನಾಯು ಸಾಯತೊಡಗುತ್ತದೆ. ಮೊದಲ ಒಂದೆರಡು ಗಂಟೆಯೊಳಗೆ ಹೆಪ್ಪು ಕರಗಿದರೆ ಬಹುಪಾಲು ಸ್ನಾಯು ಉಳಿಯುತ್ತದೆ; ಹನ್ನೆರಡು ಗಂಟೆ ಕಳೆದ ಮೇಲೆ ಆ ಚುಚ್ಚುಮದ್ದಿನಿಂದ ಪ್ರಯೋಜನ ಅತ್ಯಲ್ಪ. ನಮ್ಮ ಸರ್ಕಾರಗಳು, ದಾನಿಗಳು, ಮಾಧ್ಯಮಗಳು ಇಷ್ಟು ವರ್ಷ ಗಮನ ಕೊಟ್ಟದ್ದು ಒಳಗಿನ ಆ 50 ನಿಮಿಷಕ್ಕೆ. ಬಡವನ ಪ್ರಾಣ ಹೋದದ್ದು ಹೊರಗಿನ 360 ನಿಮಿಷಗಳಲ್ಲಿ.

ಆ ಆರು ಗಂಟೆ ಎಲ್ಲಿ ಕಳೆಯುತ್ತದೆ? ನಗರದ ಓದುಗರು ಒಮ್ಮೆ ಹಿಂಬಾಲಿಸಿ ನೋಡಬೇಕು. ರಾತ್ರಿ ಎದೆ ಹಿಂಡಿದಂತಾಗುತ್ತದೆ. ಮೊದಲ ರೋಗನಿರ್ಣಯ ಮನೆಯಲ್ಲೇ: 'ಗ್ಯಾಸ್ಟ್ರಿಕ್'. ಒಂದು ಸೋಡಾ, ಇಲ್ಲವೇ ಓಮದ ಕಷಾಯ, ಇಲ್ಲವೇ ಪೆಟ್ಟಿಗೆ ಅಂಗಡಿಯಿಂದ ತಂದ ಗ್ಯಾಸ್ ಮಾತ್ರೆ. ಹೆಣ್ಣುಮಕ್ಕಳಾದರೆ ಎದೆನೋವಿನ ಬದಲು ಬೆನ್ನು, ದವಡೆ ನೋವು, ಸುಸ್ತು, ವಾಕರಿಕೆ ಕಾಣಿಸಿಕೊಳ್ಳುವುದುಂಟು. ಅವರು ಅದನ್ನು ಹೇಳಿಕೊಳ್ಳುವುದೇ ಬೆಳಗಿನ ಕೆಲಸ ಮುಗಿದ ಮೇಲೆ. ಬೆಳಿಗ್ಗೆ ಊರಿನ ಇಂಜೆಕ್ಷನ್ ಡಾಕ್ಟರ ಬಳಿ ಒಂದು ಸೂಜಿ, ಒಂದು ಗ್ಲುಕೋಸ್ ಬಾಟಲಿ. ಕಡಿಮೆಯಾಗದಿದ್ದಾಗ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ಇಸಿಜಿ ಯಂತ್ರ ಇರಬಹುದು, ಇಲ್ಲದಿರಬಹುದು. ಇದ್ದರೆ ಕಾಗದದ ಸುರುಳಿ ಮುಗಿದಿರಬಹುದು. ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ 'ಬೆಂಗಳೂರಿಗೆ ಕರೆದೊಯ್ಯಿರಿ'. ಪ್ರತಿ ಮೆಟ್ಟಿಲಲ್ಲೂ ಒಂದು ಚೀಟಿ, ಪ್ರತಿ ಚೀಟಿಗೂ ಒಂದು ಗಂಟೆ.

ಭೂಗೋಳವೂ ಬಡವನ ಪರವಾಗಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಹಾಡಿ-ಪೋಡುಗಳಿಂದ ಮೈಸೂರಿಗೆ ಸುಮಾರು 150 ಕಿಲೋಮೀಟರ್, ಅದರಲ್ಲೊಂದು ಭಾಗ ಘಟ್ಟದ ತಿರುವು. ಉತ್ತರ ಕನ್ನಡ ಜಿಲ್ಲೆಯ ಜನ ಸುಸಜ್ಜಿತ ಆಸ್ಪತ್ರೆಗಾಗಿ ಹೋರಾಡುತ್ತಾ ಬಂದಿರುವುದು ಎಲ್ಲರಿಗೂ ತಿಳಿದದ್ದೇ. ಅಲ್ಲಿನ ರೋಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ ದಾರಿ ಹಿಡಿಯಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ದೃಶ್ಯವನ್ನು ರಾಜ್ಯವೇ ನೋಡಿತು. ಚಿಕಿತ್ಸೆ ದೂರವಿದ್ದಾಗ ರಸ್ತೆಯೂ ಒಂದು ಕಾಯಿಲೆಯೇ.

ಚುಚ್ಚುಮದ್ದು ತಾಲ್ಲೂಕಿಗೆ ಬಂದದ್ದು

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದಾಗ ಹೃದಯದ ಬಗ್ಗೆ ನಾಡಿಗೆ ನಾಡೇ ಮಾತಾಡಿತು. ಎರಡು ವರ್ಷಗಳ ನಂತರ, 2023ರಲ್ಲಿ, ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ಆರಂಭಿಸಿತು. ಯೋಜನೆಗಳಿಗೆ ಗಣ್ಯರ ಹೆಸರಿಡುವುದರಲ್ಲಿ ನಮ್ಮ ಸರ್ಕಾರಗಳು ಎತ್ತಿದ ಕೈ. ಆದರೆ ಈ ಯೋಜನೆಯ ಕಲ್ಪನೆ ಮಾತ್ರ ಹೆಸರಿಗಿಂತ ದೊಡ್ಡದು. ಎದೆನೋವೆಂದು ಬಂದವರಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ತೆಗೆಯಲಾಗುತ್ತದೆ. ಅದು ಅಂತರಜಾಲದ ಮೂಲಕ ತಜ್ಞರಿಗೆ ರವಾನೆಯಾಗುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶದ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತವೆಂದು ಖಚಿತವಾದರೆ ಮಾರುಕಟ್ಟೆಯಲ್ಲಿ ಹತ್ತಾರು ಸಾವಿರ ರೂಪಾಯಿ ಬೆಲೆಬಾಳುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ನೀಡಿ, ನಂತರ ಜಯದೇವದಂತಹ ಕೇಂದ್ರ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಹಾಸನದ ಗದ್ದಲದ ಬಳಿಕ, 2025ರ ಜುಲೈನಲ್ಲಿ, ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಇದನ್ನು ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂಬ ತೀರ್ಮಾನವೂ ಆಗಲೇ ಹೊರಬಿತ್ತು.

ಈ ಚುಚ್ಚುಮದ್ದಿನ ಆಯ್ಕೆಯಲ್ಲೇ ಒಂದು ವಿವೇಕವಿದೆ. ಹಿಂದೆ ಬಳಕೆಯಲ್ಲಿದ್ದ ಸ್ಟ್ರೆಪ್ಟೊಕೈನೇಸ್ ಅಗ್ಗ, ಆದರೆ ಅದನ್ನು ಸುಮಾರು ಒಂದು ಗಂಟೆ ಕಾಲ ಡ್ರಿಪ್‌ನಲ್ಲಿ ಹರಿಸಬೇಕು. ನಡುವೆ ರಕ್ತದೊತ್ತಡ ಕುಸಿಯಬಹುದು, ಅಲರ್ಜಿಯಾಗಬಹುದು. ಒಬ್ಬರೇ ವೈದ್ಯರು ಹೆರಿಗೆಯನ್ನೂ ಹಾವು ಕಚ್ಚಿದವರನ್ನೂ ನೋಡಬೇಕಾದ ಆಸ್ಪತ್ರೆಯಲ್ಲಿ ಅಷ್ಟು ಹೊತ್ತು ಮಂಚದ ಪಕ್ಕ ನಿಲ್ಲುವವರಾರು? ಟೆನೆಕ್ಟೆಪ್ಲೇಸ್ ಅನ್ನು ರೋಗಿಯ ತೂಕ ನೋಡಿ ಒಂದೇ ಸೂಜಿಯಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಕೊಟ್ಟು ಮುಗಿಸಬಹುದು. ಬೆಲೆ ಹೆಚ್ಚಾದರೂ ತಾಲ್ಲೂಕಿಗೆ ಹೊಂದುವ ಮದ್ದು ಇದೇ.

ಆದರೆ ಔಷಧ ಕಪಾಟಿನಲ್ಲಿದ್ದ ಮಾತ್ರಕ್ಕೆ ಅದು ರೋಗಿಯ ನರ ಸೇರುವುದಿಲ್ಲ. ಈ ಚುಚ್ಚುಮದ್ದಿನಿಂದ ನೂರಕ್ಕೊಬ್ಬರಿಗೆ ಆಸುಪಾಸಿನಲ್ಲಿ ಮೆದುಳಿನ ರಕ್ತಸ್ರಾವವಾಗುವ ಅಪಾಯವುಂಟು. ಹಾಗಾದಾಗ ರೋಗಿಯ ಕಡೆಯವರು ಮೊದಲು ಹಿಡಿಯುವುದು ವೈದ್ಯರ ಕೊರಳಪಟ್ಟಿಯನ್ನು. ಸೇವೆಗೆ ಸೇರಿ ವರ್ಷವಾಗದ ಯುವ ವೈದ್ಯ ರಾತ್ರಿ ಎರಡು ಗಂಟೆಯಲ್ಲಿ ಈ ಅಪಾಯ ಹೊರುವ ಬದಲು 'ಮುಂದಿನ ಆಸ್ಪತ್ರೆಗೆ ಹೋಗಿ' ಎಂದು ಬರೆದುಕೊಟ್ಟರೆ ಅವರನ್ನಷ್ಟೇ ದೂರಿ ಫಲವಿಲ್ಲ. ಕೇಂದ್ರ ಆಸ್ಪತ್ರೆಯ ತಜ್ಞರು ದೂರವಾಣಿಯಲ್ಲಿ ಜತೆಗಿದ್ದು, 'ಕೊಡಿ, ಹೊಣೆ ನಮ್ಮದೂ ಹೌದು' ಎಂದು ಹೇಳುವ ವ್ಯವಸ್ಥೆ ಹಗಲು-ರಾತ್ರಿ ಇದ್ದಾಗ ಮಾತ್ರ ಆ ಕೈ ನಡುಗುವುದಿಲ್ಲ. ಯೋಜನೆಯ ಯಶಸ್ಸನ್ನು ತೆಗೆದ ಇಸಿಜಿಗಳ ಲಕ್ಷದ ಲೆಕ್ಕದಿಂದ ಅಳೆಯುವ ಚಾಳಿಯನ್ನು ಬಿಟ್ಟು, ಇಸಿಜಿಯಲ್ಲಿ ಹೃದಯಾಘಾತ ಕಂಡವರ ಪೈಕಿ ಎಷ್ಟು ಮಂದಿಗೆ ಅದೇ ಆಸ್ಪತ್ರೆಯಲ್ಲಿ, ಎಷ್ಟು ನಿಮಿಷದೊಳಗೆ ಚುಚ್ಚುಮದ್ದು ದೊರೆಯಿತು ಎಂಬುದನ್ನು ತಾಲ್ಲೂಕುವಾರು ಪ್ರಕಟಿಸಬೇಕು. ಆ ಪಟ್ಟಿ ಹೊರಬಂದರೆ ವೈದ್ಯಾಧಿಕಾರಿ ಹುದ್ದೆ ಖಾಲಿ ಇರುವ ತಾಲ್ಲೂಕುಗಳು ಯಾವುವೆಂಬುದೂ ತಾನಾಗಿಯೇ ಗೊತ್ತಾಗುತ್ತದೆ.

ಇದು ಆಗದ ಕೆಲಸವೇನಲ್ಲ. ನೆರೆಯ ತಮಿಳುನಾಡಿನಲ್ಲಿ ಇದೇ ಮಾದರಿಯ ಜಾಲವನ್ನು ಪ್ರಯೋಗಿಸಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಜಾಲ ಬರುವ ಮುನ್ನ ಒಂದು ವರ್ಷದೊಳಗಿನ ಸಾವು ಶೇ 17.6 ಇದ್ದದ್ದು ನಂತರ ಶೇ 14.2ಕ್ಕೆ ಇಳಿದಿತ್ತು. ಚುಚ್ಚುಮದ್ದು ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ, 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿಸಬೇಕು, ಅದಕ್ಕಾಗಿ ಆಂಬುಲೆನ್ಸ್ ಮತ್ತು ವಿಮೆ ಎರಡೂ ಜೋಡಿಸಿಕೊಂಡಿರಬೇಕು ಎಂಬುದು ಅಲ್ಲಿನ ಪಾಠ. ನಮ್ಮಲ್ಲಿ 2008ರಿಂದ ಓಡುತ್ತಿರುವ 108 ಆಂಬುಲೆನ್ಸ್‌ಗಳು ಮನೆಯಿಂದ ಹತ್ತಿರದ ಆಸ್ಪತ್ರೆಗೆ ತಲುಪಿಸುವಲ್ಲಿ ಉಪಕಾರ ಮಾಡಿವೆ. ತಾಲ್ಲೂಕಿನಿಂದ ಕ್ಯಾಥ್‌ಲ್ಯಾಬ್ ಇರುವ ಊರಿಗೆ ಸಾಗಿಸುವ ಪ್ರಶ್ನೆ ಬಂದಾಗ ಬಡ ಕುಟುಂಬ ಖಾಸಗಿ ವಾಹನಕ್ಕೆ ಸಾಲ ಮಾಡುವುದು ಇನ್ನೂ ತಪ್ಪಿಲ್ಲ.

ಕರಾವಳಿಯಲ್ಲಿ ಸರ್ಕಾರಕ್ಕೂ ಮೊದಲೇ ಒಬ್ಬ ವೈದ್ಯರು ಈ ದಾರಿಯನ್ನು ತೋರಿಸಿದ್ದರು. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಹಳ್ಳಿಗಳ ವೈದ್ಯರನ್ನು ಸೇರಿಸಿ ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು. ದಾನಿಗಳ ನೆರವಿನಿಂದ ಗ್ರಾಮೀಣ ಚಿಕಿತ್ಸಾಲಯಗಳಿಗೆ ಇಸಿಜಿ ಯಂತ್ರಗಳನ್ನು ಹಂಚಿದರು. ಹಳ್ಳಿಯ ವೈದ್ಯರು ಇಸಿಜಿಯ ಚಿತ್ರ ತೆಗೆದು ಗುಂಪಿಗೆ ಹಾಕಿದರೆ ತಜ್ಞರು ಓದಿ ಹೇಳುತ್ತಾರೆ. ಇದಕ್ಕೆ ಬಜೆಟ್ ಭಾಷಣವಾಗಲಿ, ಉದ್ಘಾಟನೆಯ ಕತ್ತರಿಯಾಗಲಿ ಬೇಕಾಗಲಿಲ್ಲ. ಆದರೆ ಒಬ್ಬ ವೈದ್ಯರ ಛಲದ ಮೇಲೆ ಇಡೀ ರಾಜ್ಯದ ಜೀವರಕ್ಷಣೆ ನಿಲ್ಲಲಾರದು ಎಂಬುದೂ ಅಷ್ಟೇ ನಿಜ.

ಕಾರ್ಡು ಕೊಡುವುದೇನು, ಕೊಡದಿರುವುದೇನು

ನಡುವಿನ ಭಾಗದಲ್ಲಿ, ಅಂದರೆ ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ, ಕರ್ನಾಟಕ ಹೆಮ್ಮೆಪಡುವಷ್ಟು ಸಾಧಿಸಿದೆ ಎಂಬುದನ್ನು ಒಪ್ಪದಿರುವುದು ಅನ್ಯಾಯ. 2003ರಲ್ಲಿ ಸಹಕಾರ ಸಂಘಗಳ ಮೂಲಕ ಜಾರಿಗೆ ಬಂದ ಯಶಸ್ವಿನಿ ಯೋಜನೆಯಡಿ ರೈತನೊಬ್ಬ ತಿಂಗಳಿಗೆ ಐದು ರೂಪಾಯಿ ಕಟ್ಟಿ ಹೃದಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾದ ಆ ಯೋಜನೆ, ರೈತರ ಒತ್ತಾಯದಿಂದ 2022-23ರಲ್ಲಿ ಮರುಜೀವ ಪಡೆಯಿತು. 2010ರಲ್ಲಿ ಉತ್ತರ ಕರ್ನಾಟಕದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯ ಪರಿಣಾಮವನ್ನು ಅಧ್ಯಯನ ಮಾಡಿದ ಸಂಶೋಧಕರು 2014ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದದ್ದು ಗಮನಾರ್ಹ. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಸತ್ತವರು ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ 0.32, ಗಡಿಯಾಚೆಗಿನ ಯೋಜನೆಯಿಲ್ಲದ ಹಳ್ಳಿಗಳಲ್ಲಿ ಶೇ 0.90. ಬರೀ ವಿಮೆಯಿಂದ ಇದಾಗಲಿಲ್ಲ. ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ನಗರಕ್ಕೆ ಕರೆತಂದದ್ದೂ ಕಾರಣ. ಈಗಿನ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಸ್ಟೆಂಟ್‌ಗಳ ಬೆಲೆಗೆ ಕೇಂದ್ರ 2017ರ ಫೆಬ್ರುವರಿಯಲ್ಲಿ ಮಿತಿ ಹಾಕಿದಾಗ ಔಷಧಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಜಯದೇವದ 371 ಹಾಸಿಗೆಗಳ ಕಟ್ಟಡ ಉದ್ಘಾಟನೆಯಾಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ಕಲಮಿನ ನೆನಪು ಆ ಸಂಖ್ಯೆಯಲ್ಲಿದೆ.

ವಿಪರ್ಯಾಸವೆಂದರೆ ಈ ಕಾರ್ಡುಗಳೆಲ್ಲ ಎಚ್ಚರಗೊಳ್ಳುವುದು ರೋಗಿ ಹಾಸಿಗೆಯ ಮೇಲೆ ಮಲಗಿದಾಗ. ಎದ್ದು ಮನೆಗೆ ಹೊರಟೊಡನೆ ಅವು ಬಹುಬೇಗ ನಿದ್ದೆಹೋಗುತ್ತವೆ. ಸ್ಟೆಂಟ್ ಅಳವಡಿಸಿಕೊಂಡವರು ಸಾಮಾನ್ಯವಾಗಿ ಒಂದು ವರ್ಷ ಕಾಲ ಆಸ್ಪಿರಿನ್ ಜತೆಗೆ ಕ್ಲೋಪಿಡೋಗ್ರೆಲ್ ಅಥವಾ ಅಂಥದೇ ಇನ್ನೊಂದು ಮಾತ್ರೆ ನುಂಗಬೇಕು. ಕೊಬ್ಬು ಇಳಿಸುವ ಸ್ಟ್ಯಾಟಿನ್, ರಕ್ತದೊತ್ತಡದ ಮಾತ್ರೆ ಬದುಕಿರುವವರೆಗೂ ಬೇಕು. ತಿಂಗಳಿಗೆ ಕೆಲವು ನೂರು ರೂಪಾಯಿ. ಬೆಂಗಳೂರಿನಲ್ಲಿ ಇದು ಒಂದು ಹೊತ್ತಿನ ಹೋಟೆಲ್ ಊಟದ ಖರ್ಚು. ಕೂಲಿಯವನಿಗೆ ಒಂದೆರಡು ದಿನದ ದುಡಿಮೆ. ಎರಡನೆಯ ತಿಂಗಳು ನೋವಿಲ್ಲ, ಮೂರನೆಯ ತಿಂಗಳು ಹೊಲದ ಕೆಲಸ, ನಾಲ್ಕನೆಯ ತಿಂಗಳು ಮಾತ್ರೆ ನಿಲ್ಲುತ್ತದೆ. ಮೊದಲ ತಿಂಗಳುಗಳಲ್ಲೇ ಮಾತ್ರೆ ನಿಂತರೆ ಸ್ಟೆಂಟ್‌ನೊಳಗೆ ಹೆಪ್ಪುಗಟ್ಟಬಹುದು. ಆಗ ಸರ್ಕಾರ ಖರ್ಚು ಮಾಡಿದ ಲಕ್ಷವೂ, ರೋಗಿಯ ಪ್ರಾಣವೂ ಒಟ್ಟಿಗೆ ಹೋಗುತ್ತವೆ. ಭಾರತವೂ ಸೇರಿದಂತೆ ಹದಿನೇಳು ದೇಶಗಳಲ್ಲಿ ನಡೆದ 'ಪ್ಯೂರ್' ಅಧ್ಯಯನದ 2011ರ ವರದಿಯಂತೆ, ಬಡ ದೇಶಗಳಲ್ಲಿ ಹಿಂದೆ ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದವರ ಪೈಕಿ ಶೇ 80ರಷ್ಟು ಮಂದಿ ಇಂಥ ಒಂದು ಮಾತ್ರೆಯನ್ನೂ ಸೇವಿಸುತ್ತಿರಲಿಲ್ಲ. ನಗರಗಳಿಗಿಂತ ಹಳ್ಳಿಗಳಲ್ಲಿ ಸ್ಥಿತಿ ಇನ್ನೂ ಕೆಳಗಿತ್ತು.

ಈ ಲೋಪಕ್ಕೆ ಒಂದು ಲೆಕ್ಕಾಚಾರದ ಕಾರಣವೂ ಇದೆ. ಆಂಜಿಯೋಪ್ಲಾಸ್ಟಿಗೆ ಪ್ಯಾಕೇಜ್ ದರ ಉಂಟು, ಬಿಲ್ ಉಂಟು, ಅದನ್ನು ಪಡೆಯುವ ಆಸ್ಪತ್ರೆಯುಂಟು. ದರ ಸಾಲದು, ಹಣ ತಡವಾಗುತ್ತದೆ ಎಂದು ಆಸ್ಪತ್ರೆಗಳು ಗೊಣಗಿದರೂ ಕೇಳುವವರುಂಟು. ದಿನಕ್ಕೊಂದು ಅಟೊರ್ವಾಸ್ಟಾಟಿನ್ ಮಾತ್ರೆಯ ಪರವಾಗಿ ಮನವಿ ಸಲ್ಲಿಸುವ ಸಂಘ ಯಾವುದೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆ ಸಿಕ್ಕರೂ ಕ್ಲೋಪಿಡೋಗ್ರೆಲ್ ಸಿಗುವುದು ಅದೃಷ್ಟ. ಸಿಕ್ಕರೂ ಹತ್ತು ದಿನಕ್ಕೆ. ಮತ್ತೆ ಬರಬೇಕು, ಮತ್ತೆ ಬಸ್ ಚಾರ್ಜು, ಮತ್ತೆ ಕೂಲಿ ನಷ್ಟ. ಹೃದಯಾಘಾತವಾದವರಿಗೆ ಎರಡು-ಮೂರು ತಿಂಗಳಿನ ಮಾತ್ರೆಯನ್ನು ಒಮ್ಮೆಗೇ ಊರಿನ ಕೇಂದ್ರದಲ್ಲಿ ಕೊಡಲು ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಐದು ಲಕ್ಷದ ಮಿತಿಯೊಳಗೇ ಹೊರರೋಗಿಯ ಮಾತ್ರೆಗಳಿಗೂ ಒಂದು ಪಾಲನ್ನು ಇಟ್ಟರೆ ಸಾಕು.

ಬಡವರ ಇನ್ನೊಂದು ಹೃದ್ರೋಗದ ಬಗ್ಗೆ ಎರಡು ಮಾತು. ಇಕ್ಕಟ್ಟಿನ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಗಂಟಲುಬೇನೆ, ಅದರ ಬೆನ್ನಿಗೆ ಕೀಲುನೋವು-ಜ್ವರ, ಕೆಲವು ವರ್ಷಗಳ ನಂತರ ಹೃದಯದ ಕವಾಟಗಳ ಹಾಳು: ಇದು ರುಮ್ಯಾಟಿಕ್ ಹೃದ್ರೋಗ. ಮೂರು-ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ಒಂದು ಅಗ್ಗದ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರೆ ಕವಾಟ ಮತ್ತಷ್ಟು ಕೆಡದಂತೆ ತಡೆಯಬಹುದು. ಆ ಔಷಧ ಆಗಾಗ ಪೂರೈಕೆಯಾಗುವುದಿಲ್ಲ; ಪೂರೈಕೆಯಾದರೂ ಅಲರ್ಜಿಯ ಭಯದಿಂದ ಕೊಡಲು ಹಿಂಜರಿಯುವವರಿದ್ದಾರೆ. ಮುಂದೊಂದು ದಿನ ಅದೇ ಹುಡುಗಿ ಬಸುರಿಯಾದಾಗ ಉಸಿರು ಕಟ್ಟಿ ದೊಡ್ಡಾಸ್ಪತ್ರೆಗೆ ಬರುತ್ತಾಳೆ. ಕವಾಟ ಬದಲಾವಣೆಗೆ ಕಾರ್ಡಿನಲ್ಲಿ ಹಣವಿದೆ.

2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆಯಡಿ ಮೂವತ್ತು ದಾಟಿದವರ ಮನೆಬಾಗಿಲಿಗೇ ಹೋಗಿ ರಕ್ತದೊತ್ತಡ, ಸಕ್ಕರೆ ಅಳೆಯುವ ಕೆಲಸ ನಡೆದಿದೆ. ಸರಿಯಾದ ದಿಕ್ಕಿನ ಹೆಜ್ಜೆಯಿದು. ಮುಖ್ಯವಾಗಿ ಇದರ ಭಾರ ಆಶಾ ಕಾರ್ಯಕರ್ತೆಯರ ಹೆಗಲ ಮೇಲಿದೆ. ಹೆರಿಗೆ, ಲಸಿಕೆ, ಸಮೀಕ್ಷೆಗಳ ಜತೆಗೆ ಇದನ್ನೂ ಹೊರುವ ಅವರು ತಮ್ಮ ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಧರಣಿ ಕೂತದ್ದನ್ನು 2025ರ ಜನವರಿಯಲ್ಲಿ ನೋಡಿದ್ದೇವೆ. ಅಳೆದು ಬರೆದುಕೊಂಡ ಅಂಕಿಗಳ ಹಿಂದೆ ಮಾತ್ರೆ ಮನೆಗೆ ತಲುಪದಿದ್ದರೆ, ಮುಂದಿನ ಬಾರಿ ಆಕೆ ಬಂದಾಗ ತೋಳು ಚಾಚುವವರು ಯಾರು?

ಜಯದೇವ ಆಸ್ಪತ್ರೆಯಿಂದಾಗಲಿ ಖಾಸಗಿ ಆಸ್ಪತ್ರೆಯಿಂದಾಗಲಿ ಬಿಡುಗಡೆಯಾದ ಬಡ ರೋಗಿಯ ಕೈಗೆ ಒಂದು ಸಾರಾಂಶ ಪತ್ರ ಕೊಡುತ್ತಾರೆ. ಸಾಮಾನ್ಯವಾಗಿ ಅದು ಇಂಗ್ಲಿಷಿನಲ್ಲಿರುತ್ತದೆ. ಊರಿಗೆ ಬಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪಡಿತರ ಚೀಟಿ, ಪಹಣಿಗಳ ಜತೆ ಟ್ರಂಕಿನಲ್ಲಿ ಭದ್ರವಾಗಿಡುತ್ತಾರೆ. ಅವನದೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅವನಿಗೆ ಹೃದಯಾಘಾತವಾಗಿತ್ತೆಂಬುದೇ ತಿಳಿದಿರುವುದಿಲ್ಲ. ತಾಲ್ಲೂಕಿನಿಂದ ಬೆಂಗಳೂರಿಗೆ ಇಸಿಜಿ ಕೆಲವೇ ನಿಮಿಷಗಳಲ್ಲಿ ತಲುಪುವ ಈ ಕಾಲದಲ್ಲಿ, ಬೆಂಗಳೂರಿನಿಂದ ಆ ಹಳ್ಳಿಗೆ ಒಂದು ಹೆಸರು ಮತ್ತು ನಾಲ್ಕು ಮಾತ್ರೆಗಳ ಪಟ್ಟಿ ವಾಪಸು ತಲುಪುವ ವ್ಯವಸ್ಥೆ ಹೃದಯ ಜ್ಯೋತಿಯ ಮುಂದಿನ ಹಂತದಲ್ಲಿ ಸೇರುತ್ತದೆಯೇ ಎಂಬುದನ್ನು ಆರೋಗ್ಯ ಇಲಾಖೆ ಹೇಳಬೇಕಿದೆ.